34 ಮೆಟ್ಟಿಲು ಹತ್ತಿ ಬಂದ ಊಟ

ಆ ಹಳೇ ಬ್ಯಾಂಕ್ ಕಟ್ಟಡದ ರೆಸ್ಟೋರೆಂಟಿಗೆ ಹೋಗಬಹುದಾ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ಹೋಗಿ, ಆದರೆ ಮೆಟ್ಟಿಲು ಲೆಕ್ಕ ಹಾಕಿಕೊಂಡು ಆರ್ಡರ್ ಮಾಡಿ. ಹೆಸರು ಬರೆಯುತ್ತಿಲ್ಲ. ಹೊಗಳಿಕೆಯ ಜೊತೆ ಬೈಗುಳವೂ ಇದೆ, ಒಂದು ರಾತ್ರಿಯ ಊಟ ಇಟ್ಟುಕೊಂಡು ಒಂದು ಜಾಗದ ಹೆಸರು ಕೆಡಿಸುವುದು ನನಗೆ ಸರಿಬರುವುದಿಲ್ಲ. ಇಂಥ ಜಾಗಗಳು ಎಲ್ಲ ಕಡೆ ಹುಟ್ಟಿಕೊಂಡಿವೆ. ಕೋರ್ಟು, ಗಿರಣಿ, ಅಂಚೆ ಕಚೇರಿ, ರೈಲು ನಿಲ್ದಾಣ, ಒಂದೊಂದೇ ಊಟದ ಮನೆಯಾಗುತ್ತಿವೆ. ನೀವು ಹೋಗುವ ಜಾಗ ಬೇರೆಯೇ ಇರಬಹುದು, ಮೆಟ್ಟಿಲ ಲೆಕ್ಕ ಅಲ್ಲಿಗೂ ಹೊಂದುತ್ತದೆ.

ಹಳೇ ಕಟ್ಟಡಗಳ ರಿಪೇರಿ ನನ್ನ ಕಸುಬು. ಸುಣ್ಣ, ಗಾರೆ, ತೇವ, ಗೆದ್ದಲು, ಇವುಗಳ ಜೊತೆಯಲ್ಲೇ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಎಲ್ಲಿಗೆ ಊಟಕ್ಕೆ ಹೋದರೂ ಮೊದಲು ಚಾವಣಿ ನೋಡುತ್ತೇನೆ, ಆಮೇಲೆ ಮೆನು. ನನ್ನ ಜೊತೆ ಬಂದವಳು ಅಕ್ಕ. ಮೂವತ್ತು ವರ್ಷ ಒಂದು ದೊಡ್ಡ ಕ್ಯಾಂಟೀನಿನ ಅಡುಗೆಮನೆ ನಡೆಸಿ ನಿವೃತ್ತಳಾದವಳು. ಅವಳು ಚಾವಣಿ ನೋಡುವುದಿಲ್ಲ. ಬಡಿಸುವವರ ಕೈ ನೋಡುತ್ತಾಳೆ. ತಟ್ಟೆ ಹಿಡಿದ ಕೈ ಬಟ್ಟೆ ಸುತ್ತಿಕೊಂಡಿದೆಯೋ ಬರಿಗೈಯೋ ಅನ್ನುವುದರಲ್ಲೇ ತಟ್ಟೆ ಬಿಸಿಯೋ ತಣ್ಣಗಿದೆಯೋ ಅಂತ ಅವಳಿಗೆ ಗೊತ್ತಾಗಿಬಿಡುತ್ತದೆ.

ಒಳಗೆ ಕಾಲಿಟ್ಟಾಗ ನಾನು ಎರಡು ನಿಮಿಷ ಮಾತಾಡಲಿಲ್ಲ. ಹಣ ಕಟ್ಟಲು ಬಂದವನು ಕುತ್ತಿಗೆ ಎತ್ತಿ ನೋಡಿ, ತಾನು ಚಿಕ್ಕವನು, ತನ್ನ ದುಡ್ಡು ಮಾತ್ರ ಭದ್ರ ಅಂದುಕೊಳ್ಳಲಿ ಅಂತಲೇ ಆ ಕಾಲದ ಬ್ಯಾಂಕುಗಳನ್ನು ಕಟ್ಟುತ್ತಿದ್ದರು. ಹಜಾರದ ಎತ್ತರ ಸುಮಾರು 9 ಮೀಟರ್. ಚಾವಣಿಯಲ್ಲಿ ಚೌಕ ಚೌಕದ ಗಾರೆ ಕೆಲಸ, ನೆಲಕ್ಕೆ ಅಮೃತಶಿಲೆ. ಕ್ಯಾಷಿಯರ್ ಕೂರುತ್ತಿದ್ದ ಮರದ ಕೌಂಟರು, ಹಿತ್ತಾಳೆಯ ಜಾಲರಿ ಎಲ್ಲ ಇದ್ದಲ್ಲೇ ಇವೆ. ಚಾವಣಿಯ ಒಂದು ಮೂಲೆಯಲ್ಲಿ ಗಾರೆ ಬಿದ್ದುಹೋಗಿದ್ದ ಕಡೆ ಹೊಸದಾಗಿ ತುಂಬಿದ್ದಾರೆ. ದೂರದಿಂದ ಬೆರೆತುಹೋಗುತ್ತದೆ, ಹತ್ತಿರ ಹೋಗಿ ದಿಟ್ಟಿಸಿದರೆ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ. ಅದು ಸೋಮಾರಿತನ ಅಲ್ಲ, ಧರ್ಮ. ಹಳೇ ಕಟ್ಟಡಗಳನ್ನು ಕಾಪಾಡುವ ಕ್ರಮದ ಬಗ್ಗೆ ಬರೆದ 1964ರ ವೆನಿಸ್ ಸನ್ನದು ನಮ್ಮ ಕಸುಬಿನವರಿಗೆ ಹೇಳಿರುವುದೇ ಅದು: ಹೊಸ ತೇಪೆ ಒಟ್ಟು ನೋಟಕ್ಕೆ ಹೊಂದಬೇಕು, ಆದರೆ ಹಳೆಯದರ ವೇಷ ಹಾಕಿ ನೋಡುವವರನ್ನು ಮೋಸ ಮಾಡಬಾರದು. ದೀಪಗಳನ್ನೂ ಗೋಡೆಗೆ ಹೊಡೆದಿಲ್ಲ. ಎಲ್ಲ ನೆಲದ ಮೇಲೆ ನಿಂತ ಕಂಬಗಳು. ನಾಳೆ ರೆಸ್ಟೋರೆಂಟ್ ಮುಚ್ಚಿದರೆ ಒಂದು ಲಾರಿಯಲ್ಲಿ ಎಲ್ಲ ಹೊತ್ತೊಯ್ಯಬಹುದು, ಗೋಡೆಯಲ್ಲಿ ಒಂದು ತೂತೂ ಉಳಿಯುವುದಿಲ್ಲ.

"ಬಾಯಿ ಮುಚ್ಕೊಂಡು ಕೂತ್ಕೊಳೋ, ಜನ ನೋಡ್ತಿದಾರೆ" ಅಂದಳು ಅಕ್ಕ. ಬಾಯಿ ನಿಜವಾಗಿಯೂ ತೆರೆದಿತ್ತು.

ಕೂತ ಮೇಲೆ ಮೇಜಿನ ಕೆಳಗೆ ಮೆಲ್ಲಗೆ ಒಂದು ಚಪ್ಪಾಳೆ ತಟ್ಟಿದೆ. ಹಳೇ ಚಾಳಿ. ಸದ್ದು ಸಾಯಲು ಎರಡು ಸೆಕೆಂಡಿನ ಮೇಲೆ ಹಿಡಿಯಿತು. ಹಜಾರ ಎಷ್ಟು ದೊಡ್ಡದೋ ಸದ್ದು ಅಷ್ಟು ಹೊತ್ತು ಸುತ್ತುತ್ತದೆ, ಹೀರಿಕೊಳ್ಳುವ ಬಟ್ಟೆಬರೆ ಎಷ್ಟಿದೆಯೋ ಅಷ್ಟು ಬೇಗ ಅಡಗುತ್ತದೆ. ವಾಲೇಸ್ ಸಾಬಿನ್ ಅನ್ನುವ ಭೌತವಿಜ್ಞಾನಿ 1895ರಿಂದ ಹಾರ್ವರ್ಡಿನ ಒಂದು ಉಪನ್ಯಾಸ ಕೊಠಡಿಗೆ ಪಕ್ಕದ ರಂಗಮಂದಿರದ ಕುಶನ್‌ಗಳನ್ನು ರಾತ್ರೋರಾತ್ರಿ ಹೊರಿಸಿ ತಂದು, ಒಂದೊಂದು ಸಾಲು ಇಟ್ಟಂತೆ ಸದ್ದು ಎಷ್ಟು ಬೇಗ ಸಾಯುತ್ತದೆ ಅಂತ ಅಳೆದು ಕಂಡುಹಿಡಿದ ಲೆಕ್ಕ ಅದು. ಇವರ ಹತ್ತಿರ ಕುಶನ್ ಸಾಲದು. ಏಳು ಗಂಟೆಗೆ ನಾವು ಹೋದಾಗ ಪಿಸುಮಾತು ಆಡಬಹುದಿತ್ತು. ಎಂಟೂವರೆಗೆ ಎಲ್ಲ ಮೇಜು ತುಂಬಿ, ಒಬ್ಬರ ಮಾತು ಕೇಳಿಸಲಿ ಅಂತ ಇನ್ನೊಬ್ಬರು ದನಿ ಏರಿಸಿ, ಸಂತೆಯೇ ಆಯಿತು. ಗದ್ದಲದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದೇ ಗಂಟಲು ಎತ್ತುತ್ತಾನೆ ಅಂತ ಲೊಂಬಾರ್ಡ್ ಅನ್ನುವ ಫ್ರೆಂಚ್ ವೈದ್ಯ 1911ರಲ್ಲೇ ಹೇಳಿಟ್ಟಿದ್ದಾನೆ. ಪ್ರೀತಿಯ ಮಾತು ಆಡಬೇಕು ಅಂತ ಹೋಗುವವರು ಬೇಗ ಹೋಗಿ, ಇಲ್ಲವೇ ಗೋಡೆಯ ಪಕ್ಕ, ದಪ್ಪ ಪರದೆ ಇರುವ ಕಡೆ ಮೇಜು ಕೇಳಿ. ನಡುಮಧ್ಯದ ಮೇಜು ಫೋಟೋಗೆ ಚೆಂದ, ಮಾತಿಗಲ್ಲ.

ಇನ್ನು ಊಟ. ಏಳು ಸುತ್ತಿನ ನಿಗದಿತ ಮೆನು ತೆಗೆದುಕೊಂಡೆವು. ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವ ಮೆನುವೂ ಇದೆ. ಅದೇ ವಾಸಿ ಅಂತ ಆಮೇಲೆ ತಿಳಿಯಿತು.

ಮೊದಲು ಒಂದು ಬಾಯಿ ಅಳತೆಯ ಚೀಸ್ ಪಫ್, ಬ್ರೆಡ್ಡು, ಬೆಣ್ಣೆ. ಇದಕ್ಕೆ ಒಂದು ಕಥೆ ಇದೆ. ಕೌಂಟರಿನ ಹಿಂದೆ ಗೋಡೆಯೊಳಗೆ ಒಂದು ಪುಟ್ಟ ಲಿಫ್ಟು. ಬ್ಯಾಂಕಿನ ಕಾಲದಲ್ಲಿ ಕೆಳಗಿನ ದಾಖಲೆ ಕೋಣೆಯಿಂದ ಲೆಡ್ಜರ್ ಪುಸ್ತಕಗಳನ್ನು ಹಗ್ಗ ಎಳೆದು ಮೇಲೆ ತರುತ್ತಿದ್ದರಂತೆ. ಈಗ ಅದರಲ್ಲಿ ಬ್ರೆಡ್ಡಿನ ಬುಟ್ಟಿ ಬರುತ್ತದೆ. ಬಡಿಸುವ ಹುಡುಗ ಹಗ್ಗ ಎಳೆದಾಗ ರಾಟೆ ಕಿರ್ ಅನ್ನುತ್ತದೆ, ಎಲ್ಲರ ತಲೆ ಅತ್ತ ತಿರುಗುತ್ತದೆ. ಬುಟ್ಟಿಯ ಬಟ್ಟೆ ಬಿಚ್ಚಿದರೆ ಹಬೆ. ಬ್ರೆಡ್ಡಿನ ಹೊರಪದರ ಕಡು ಕಂದು, ಮುರಿದರೆ ಚಟ್ ಅನ್ನಬೇಕು, ಅಂದಿತು. ಬೆಣ್ಣೆ ಕಲ್ಲಿನಂತೆ ಗಟ್ಟಿಯೂ ಅಲ್ಲ, ಕರಗಿ ಎಣ್ಣೆಯೂ ಆಗಿಲ್ಲ. ಅಕ್ಕ ತಲೆದೂಗಿದಳು. ಅವಳು ತಲೆದೂಗುವುದು ಅಪರೂಪ.

ಎರಡನೆಯದು ಉಪ್ಪಿನ ಗೂಡಿನೊಳಗೆ ಸುಟ್ಟ ಬೀಟ್‌ರೂಟ್, ಮೇಲೆ ಮೇಕೆ ಹಾಲಿನ ಚೀಸು. ತಣ್ಣಗೆ ತಿನ್ನುವಂಥದ್ದು, ತಣ್ಣಗೇ ಬಂತು. ಚೆನ್ನಾಗಿತ್ತು, ಅಷ್ಟೇ.

ಮೂರನೆಯದು ಅಣಬೆಯ ಕನ್ಸೊಮೆ, ಅಂದರೆ ತಿಳಿಯಾದ ಸಾರ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಲು ಬಿಡಿ.

ಖಾಲಿ ಬಟ್ಟಲಿನ ತಳದಲ್ಲಿ ಎಳೆ ಎಳೆಯಾಗಿ ಹೆಚ್ಚಿದ ಅಣಬೆ ಮಾತ್ರ ಇತ್ತು. ಹುಡುಗಿಯೊಬ್ಬಳು ಮುಚ್ಚಳದ ಚಹಾ ಕೆಟಲಿನಂಥ ಪಾತ್ರೆಯಿಂದ ಜೇನಿನ ಬಣ್ಣದ ಸಾರ ಸುರಿದಳು. ಬಟ್ಟಲಿನ ತಳದ ಹೂವಿನ ಚಿತ್ತಾರ ಅದರೊಳಗಿಂದ ಸ್ಪಷ್ಟ ಕಾಣುತ್ತಿತ್ತು. ಈ ತಿಳಿ ಬರುವುದು ಮೊಟ್ಟೆಯ ಬಿಳಿಯಿಂದ. ಅದನ್ನು ಕದಡಿ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಬಿಳಿ ಗಟ್ಟಿಯಾಗುತ್ತ, ಸಾರವನ್ನು ಕದಡಿರುವ ಸಣ್ಣ ಸಣ್ಣ ಕಣಗಳನ್ನೆಲ್ಲ ಹಿಡಿದುಕೊಂಡು ಮೇಲೆ ತೆಪ್ಪದ ಹಾಗೆ ತೇಲುತ್ತದೆ. ಕುದಿ ಜೋರಾದರೆ ತೆಪ್ಪ ಒಡೆದು ಅಷ್ಟೂ ಕೆಸರು. "ಇದನ್ನ ಮಾಡಿದೋನು ಒಲೆ ಬಿಟ್ಟು ಅಲ್ಲಾಡಿಲ್ಲ ಕಣೋ" ಅಂದಳು ಅಕ್ಕ. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಬಿರುದು ನಾನು ಕೇಳಿಲ್ಲ. ಮೊದಲ ಗುಟುಕಿಗೆ ಮಳೆ ಬಿದ್ದ ಮಣ್ಣಿನ ವಾಸನೆ, ಕೊನೆಗೆ ನಾಲಿಗೆಯ ಹಿಂದೆ ತೆಳ್ಳಗೆ ಒಂದು ಸಿಹಿ. ಬಾಯಿ ಸುಡುವಷ್ಟು ಬಿಸಿಯೂ ಇತ್ತು, ಯಾಕೆಂದರೆ ಮುಚ್ಚಿದ ಪಾತ್ರೆಯಲ್ಲಿ ಬಂದು ನಮ್ಮ ಕಣ್ಣೆದುರೇ ಬಟ್ಟಲಿಗೆ ಬಿತ್ತು.

ಆಗ ನನಗೆ ನೆನಪಾದದ್ದು, ರೆಸ್ಟೋರೆಂಟ್ ಅನ್ನುವ ಮಾತು ಮೊದಲು ಊಟದ ಮನೆಯ ಹೆಸರಾಗಿರಲಿಲ್ಲ. ಅದು ಇಂಥದ್ದೇ ಒಂದು ಸಾರದ ಹೆಸರು. ದಣಿದ ದೇಹಕ್ಕೆ ಚೇತರಿಕೆ ಕೊಡುವುದು ಅಂತ ಅರ್ಥ. 1760ರ ದಶಕದ ಪ್ಯಾರಿಸಿನಲ್ಲಿ ಆ ಸಾರ ಮಾರುವ ಮನೆಗಳು ಶುರುವಾಗಿ, ಕೊನೆಗೆ ಮನೆಗೇ ಸಾರದ ಹೆಸರು ಅಂಟಿಕೊಂಡಿತು. ನಾನು ಹೊಟ್ಟೆಪಾಡಿಗೆ ಮಾಡುವ ರೆಸ್ಟೊರೇಷನ್ನಿನ ಮೂಲವೂ ಅದೇ ಧಾತು. ಇದನ್ನು ಅಕ್ಕನಿಗೆ ಹೇಳಿದೆ. "ಸರಿ, ಆರೋಗುತ್ತೆ, ಕುಡಿ" ಅಂದಳು.

ನಾಲ್ಕನೆಯದರಿಂದ ಇಳಿಜಾರು ಶುರು. ಮೀನು ಬಂತು. ಬೆಳ್ಳಿಯ ಬೋಗುಣಿ ಮುಚ್ಚಿದ ತಟ್ಟೆಗಳನ್ನು ಇಬ್ಬರು ಹೊತ್ತು ತಂದು, ಒಬ್ಬರಿಗೊಬ್ಬರು ಕಣ್ಣಲ್ಲಿ ಸನ್ನೆ ಮಾಡಿ, ಒಟ್ಟಿಗೇ ಎತ್ತಿದರು. ಹಬೆ ಎದ್ದಿತು, ಪಕ್ಕದ ಮೇಜಿನವರು ಓ ಅಂದರು. ಅಕ್ಕ ಮಾತ್ರ ಬೋಗುಣಿಯ ಒಳಮೈ ನೋಡುತ್ತಿದ್ದಳು. ಅಲ್ಲಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ನೀರೆಲ್ಲ ಬಿದ್ದಿದ್ದು ಮೀನಿನ ಚರ್ಮದ ಮೇಲೆ. ಗರಿಗರಿ ಆಗಲಿ ಅಂತ ಅಡುಗೆಯವನು ಅಷ್ಟು ಜೋಪಾನವಾಗಿ ಹುರಿದ ಚರ್ಮ ಒದ್ದೆ ಕಾಗದವಾಗಿತ್ತು. ಜೊತೆಗಿದ್ದ ಬೆಣ್ಣೆ ಸಾಸು, ಬರ್ ಬ್ಲಾಂ ಅನ್ನುತ್ತಾರೆ, ಅಂಚಿನಲ್ಲಿ ಹಳದಿ ಎಣ್ಣೆ ಬಿಟ್ಟುಕೊಂಡಿತ್ತು. ಈ ಸಾಸು ಬಲು ನಾಜೂಕು. ಬಿಸಿ ಸುಮಾರು 60 ಡಿಗ್ರಿ ದಾಟಿದರೆ ಒಡೆಯುತ್ತದೆ, ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಆ ನಡುವಿನ ಕಿರಿದಾದ ಓಣಿಯಲ್ಲೇ ಅದರ ಬದುಕು. ಮೀನಿನ ಬೇಯಿಸುವಿಕೆ ಸೊಗಸಾಗಿತ್ತು, ಪದರ ಪದರವಾಗಿ ಬಿಡುತ್ತಿತ್ತು. ಕೆಟ್ಟಿದ್ದು ಕೈಯಿಂದ ಅಲ್ಲ, ದಾರಿಯಲ್ಲಿ.

ಅಡುಗೆಮನೆ ಎಲ್ಲಿದೆ ಅಂತ ಹುಡುಗಿಯನ್ನು ಕೇಳಿದೆ. ನೆಲಮಾಳಿಗೆಯಲ್ಲಿ ಅಂದಳು. ಎಷ್ಟು ಮೆಟ್ಟಿಲು? ನಕ್ಕಳು. "34 ಸರ್. ದಿನಾ ಎಣಿಸ್ತೀನಿ."

ಐದನೆಯದು ಬಾತುಕೋಳಿ. ಇದು ಒಳ್ಳೆಯದಾಗಿತ್ತು, ಯಾಕೆ ಅಂತ ಆಗ ಹೊಳೆಯಿತು. ಎದೆಯ ಮಾಂಸವನ್ನು ಒಲೆಯಿಂದ ಇಳಿಸಿದ ಮೇಲೆ ಒಂದಷ್ಟು ನಿಮಿಷ ಸುಮ್ಮನೆ ಬಿಡಬೇಕು. ಆಗ ಒಳಗಿನ ರಸ ನೆಲೆಗೊಳ್ಳುತ್ತದೆ, ಕೊಯ್ದರೆ ತಟ್ಟೆ ತುಂಬ ಹರಿಯುವುದಿಲ್ಲ. ಆ ವಿಶ್ರಾಂತಿಯೇ ಮೆಟ್ಟಿಲು ಹತ್ತುವ ಹೊತ್ತನ್ನು ನುಂಗಿಕೊಂಡಿತು. ಪಕ್ಕದಲ್ಲಿದ್ದ ಕಾಲಿನ ಮಾಂಸ ತಾಸುಗಟ್ಟಲೆ ಬೆಂದು ಚಮಚಕ್ಕೇ ಬಿಡುವಂತಿತ್ತು, ಮಂದ ರಸದಲ್ಲಿ ಮುಳುಗಿತ್ತು. ಅಂಥದ್ದಕ್ಕೆ 34 ಅಲ್ಲ, 100 ಮೆಟ್ಟಿಲಿದ್ದರೂ ಏನೂ ಆಗುವುದಿಲ್ಲ. ಅಕ್ಕ ಎಲುಬಿನ ಸಂದಿಯನ್ನೂ ಬಿಡಲಿಲ್ಲ. ಆರನೆಯದಾಗಿ ಚೀಸಿನ ಗಾಡಿ. ಅದು ಮೇಲಿನ ಹಜಾರದಲ್ಲೇ ಕೋಣೆಯ ತಾಪದಲ್ಲಿ ನಿಂತಿರುತ್ತದೆ, ಅದಕ್ಕೆ ಮೆಟ್ಟಿಲಿನ ಗೊಡವೆಯೇ ಇಲ್ಲ.

ಏಳನೆಯದು ಸೂಫ್ಲೆ, ಮೊಟ್ಟೆಯ ನೊರೆಯಿಂದ ಉಬ್ಬಿಸಿ ಬೇಯಿಸುವ ತಿನಿಸು. ಅದರ ಬಗ್ಗೆ ಎಷ್ಟು ಕಡಿಮೆ ಬರೆದರೆ ಅಷ್ಟು ಒಳ್ಳೆಯದು. ಮೊಟ್ಟೆಯ ಬಿಳಿ ನೊರೆಯೊಳಗಿನ ಗಾಳಿ ಒಲೆಯ ಬಿಸಿಗೆ ಹಿಗ್ಗಿದಾಗ ಅದು ಉಬ್ಬುತ್ತದೆ, ಹೊರಗೆ ಬಂದ ಕ್ಷಣದಿಂದ ಆ ಗಾಳಿ ಕುಗ್ಗಲು ಶುರು. ಯಾವ ಬಾಣಸಿಗನೂ ಇದನ್ನು ತಡೆಯಲಾರ, ತಟ್ಟೆ ಹೊತ್ತವನ ಕಾಲು ಚುರುಕಾಗಿರಬೇಕು ಅಷ್ಟೇ. ನಮ್ಮ ಮೇಜಿಗೆ ಬಂದಾಗ ಬಟ್ಟಲಿನ ಅಂಚಿಗಿಂತ ಒಂದು ಬೆರಳು ಕೆಳಗಿತ್ತು, ನಡುವೆ ಗುಳಿ ಬಿದ್ದಿತ್ತು. ಹುಡುಗ ಅದರ ಗುಳಿಗೇ ಸಾಸು ಸುರಿದು, ಹೀಗೇ ಬಡಿಸುವುದು ಅನ್ನುವ ಮುಖ ಮಾಡಿದ. ಪಾಪ.

ತಟ್ಟೆ ಒಂದಾದ ಮೇಲೆ ಒಂದು ಬರುವ ಈ ಪದ್ಧತಿಯೂ ಹುಟ್ಟಿನಿಂದ ಬಂದದ್ದಲ್ಲ. ಹಿಂದೆ ಫ್ರೆಂಚ್ ಶ್ರೀಮಂತರ ಮನೆಗಳಲ್ಲಿ ಹತ್ತಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದರು. ನೋಡಲು ವೈಭವ, ತಿನ್ನುವ ಹೊತ್ತಿಗೆ ಅರ್ಧ ತಣ್ಣಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯನ್ ಶೈಲಿ ಅಂತ ಒಂದೊಂದಾಗಿ ಬಡಿಸುವ ಕ್ರಮ ಹರಡಿತು. ಬಿಸಿಯದು ಬಿಸಿಯಾಗಿ ಬಾಯಿಗೆ ಸಿಗಲಿ ಅನ್ನುವುದೇ ಅದರ ದೊಡ್ಡ ಸಮರ್ಥನೆ. ಅಷ್ಟೊಂದು ತಲೆ ಕೆಡಿಸಿಕೊಂಡು ಗೆದ್ದುಕೊಂಡ ಬಿಸಿಯನ್ನು ಈ ಮನೆ ಮೆಟ್ಟಿಲಿನ ಮೇಲೆ ಚೆಲ್ಲುತ್ತಿದೆ.

ಸೇವೆಯ ಬಗ್ಗೆ ದೂರು ಕಡಿಮೆ. ನೀರಿನ ಲೋಟ ಖಾಲಿಯಾಗಲಿಲ್ಲ, ಯಾರೂ ಮೇಲೆ ಬಿದ್ದು ವಿಚಾರಿಸಲೂ ಇಲ್ಲ. ಮೀನಿಗೂ ಬಾತುಕೋಳಿಗೂ ನಡುವೆ 40 ನಿಮಿಷ ಕಾದೆವು, ಅದೊಂದು ಬೇಸರ. ಅಷ್ಟರಲ್ಲಿ ನಾನು ಚಾವಣಿಯ ಚೌಕಗಳನ್ನು ಎಣಿಸಿ ಮುಗಿಸಿದ್ದೆ. ವೈನು ಇಡುವುದು ಹಳೇ ತಿಜೋರಿ ಕೋಣೆಯಲ್ಲಿ. ದಪ್ಪ ಗೋಡೆ, ಕಿಟಕಿಯಿಲ್ಲ, ಹಗಲು ರಾತ್ರಿ ತಾಪ ಹೆಚ್ಚು ಏರಿಳಿಯುವುದಿಲ್ಲ. ಚಿನ್ನಕ್ಕೆ ಕಟ್ಟಿದ ಕೋಣೆ ವೈನಿಗೆ ಇಷ್ಟು ಒಪ್ಪುತ್ತದೆ ಅಂತ ಕಟ್ಟಿದವನೂ ಎಣಿಸಿರಲಾರ. ಸಸ್ಯಾಹಾರಿಗಳಿಗೆ ಬೇರೆ ಮೆನು ಇದೆ, ಎರಡು ದಿನ ಮೊದಲೇ ಹೇಳಬೇಕು. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿ, ಅದರ ಕೆಳಗೆ ಟಿಪ್ಸಿಗೆ ಅಂತ ಮತ್ತೊಂದು ಖಾಲಿ ಗೆರೆ ಬಿಟ್ಟಿದ್ದರು. ಅದು ನನಗೆ ಹಿಡಿಸಲಿಲ್ಲ. ಮೊತ್ತ ನೋಡಿ ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು, ಮತ್ತೆ ನೋಡಿದಳು. ಬದಲಾಗಿರಲಿಲ್ಲ.

ಹೇಗಿತ್ತು ಅಂತ ಮ್ಯಾನೇಜರ್ ಬಂದು ಕೇಳಿದಾಗ ನಾವಿಬ್ಬರೂ ನಮ್ಮ ನಮ್ಮ ಕಸುಬು ಹೇಳಿಕೊಂಡು, ಅಡುಗೆಮನೆ ನೋಡಬಹುದಾ ಅಂದೆವು. ಒಳ್ಳೆಯ ಮನುಷ್ಯ, ಕರೆದುಕೊಂಡು ಹೋದರು. ಮೆಟ್ಟಿಲು ಕಡಿದು, ಕಲ್ಲಿನದು, ನಡುವೆ ನೂರು ವರ್ಷದ ಕಾಲು ತುಳಿದು ಸವೆದಿದೆ. ತುಂಬಿದ ತಟ್ಟೆ ಹಿಡಿದು ಓಡುವಂಥದ್ದೇ ಅಲ್ಲ. ಕೆಳಗಿನ ಓಣಿಯ ಗೋಡೆ ನೋಡಿ ನನ್ನ ಹೊಟ್ಟೆ ಚುರುಕ್ ಅಂದಿತು. ಮೇಲೆ ಅಷ್ಟು ಜತನ ಮಾಡಿದವರು ಇಲ್ಲಿ ಸುಣ್ಣದ ಗಾರೆಯ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದಾರೆ. ಸುಣ್ಣದ ಗೋಡೆ ಉಸಿರಾಡುತ್ತದೆ, ನೆಲದಿಂದ ಏರಿದ ತೇವವನ್ನು ಹೊರಗೆ ಬಿಡುತ್ತದೆ. ಅದರ ಬಾಯಿ ಕಟ್ಟಿದರೆ ತೇವ ಒಳಗೇ ನಿಂತು, ಉಪ್ಪು ಹೊರಬಂದು, ಬಣ್ಣ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಎದ್ದಿತ್ತು. ಊಟಕ್ಕೆ ಬಂದವರು ಇಲ್ಲಿಗೆ ಇಳಿಯುವುದಿಲ್ಲವಲ್ಲ.

ಅಡುಗೆಮನೆ ಮಾತ್ರ ಲಕಲಕ. ಚಾವಣಿ ಕೊರೆದು ಹೊಗೆ ಕೊಳವೆ ಏರಿಸಲು ಪರವಾನಗಿ ಸಿಗಲಿಲ್ಲವಂತೆ, ಅದಕ್ಕೇ ಗ್ಯಾಸ್ ಉರಿಯೇ ಇಲ್ಲ, ಎಲ್ಲ ಇಂಡಕ್ಷನ್. ಗಾಳಿ ಹೊರಹೋಗುವುದು ಹಿಂದೆ ಕಲ್ಲಿದ್ದಲು ಇಳಿಸುತ್ತಿದ್ದ ಕಿಂಡಿಯಿಂದ. ಸಾಸಿಗೆ ಒಬ್ಬ, ಮೀನಿಗೆ ಒಬ್ಬ, ಸಿಹಿಗೆ ಒಬ್ಬ ಅಂತ ಕೆಲಸ ಹಂಚಿಕೊಂಡು ನಿಂತಿದ್ದರು. ನೂರು ವರ್ಷಕ್ಕೂ ಹಿಂದೆ ಫ್ರೆಂಚ್ ಬಾಣಸಿಗ ಎಸ್ಕೊಫಿಯೇ ಲಂಡನ್ನಿನ ದೊಡ್ಡ ಹೋಟೆಲುಗಳಲ್ಲಿ ನೆಲೆಗೊಳಿಸಿದ ಕ್ರಮ ಇಂದಿಗೂ ಹಾಗೇ. ತಟ್ಟೆ ಹೊರಡುವ ಕಟ್ಟೆಯ ಮೇಲೆ ಬಿಸಿ ದೀಪಗಳಿವೆ. ಅಕ್ಕ ಅದರಡಿ ಕೈಯಿಟ್ಟು ನೋಡಿದಳು.

"ಇದು ಇಲ್ಲಿ ಯಾಕಿದೆ? ಮೇಲಲ್ವಾ ಇರಬೇಕಾದ್ದು?"

ಮುಖ್ಯ ಬಾಣಸಿಗ ಮೂವತ್ತೈದರ ಹುಡುಗ. ಸೂಫ್ಲೆ ಮಾಡಿದ್ದು ಯಾರು ಅಂತ ಅವಳು ಕೇಳಿದಾಗ ತಲೆ ತಗ್ಗಿಸಿದ. ಒಲೆಯಿಂದ ತೆಗೆದಾಗ ಇಷ್ಟೆತ್ತರ ಇರುತ್ತೆ ಅಮ್ಮಾ ಅಂತ ಕೈಯಲ್ಲಿ ತೋರಿಸಿದ. ಆ ಕೈ ಎತ್ತರ ನೋಡಿ ನಮಗೇ ಸಂಕಟವಾಯಿತು. ಹಾಗಾದರೆ ಮೆನುವಿನಿಂದ ತೆಗೆಯಬಾರದಾ ಅಂದೆ. ಜನ ಕೇಳ್ತಾರೆ ಸರ್, ಇಂಥ ಜಾಗದಲ್ಲಿ ಸೂಫ್ಲೆ ಇಲ್ಲ ಅಂದರೆ ಮುಖ ಸಿಂಡರಿಸ್ತಾರೆ ಅಂದ.

ಮತ್ತೆ ಹತ್ತಿ ಬಂದೆವು. ಅಕ್ಕ ಈ ಸಲ ಗಟ್ಟಿಯಾಗಿ ಎಣಿಸಿದಳು, 34 ಸರಿಯಾಗಿತ್ತು. ಮೇಲೆ ಬಂದವಳು ಸೀದಾ ಕ್ಯಾಷಿಯರ್ ಗೂಡಿನ ಮುಂದೆ ನಿಂತಳು. ಹಿತ್ತಾಳೆ ಜಾಲರಿಯ ಆ ಗೂಡು ಖಾಲಿ ಇತ್ತು. ಒಳಗೆ ಒಂದು ಎತ್ತರದ ಸ್ಟೂಲು, ಒಂದು ಹಳೇ ಟೈಪ್‌ರೈಟರು. ಇಲ್ಲಿ ಏನು ಮಾಡ್ತೀರಿ ಅಂತ ಕೇಳಿದಳು.

"ಗೆಸ್ಟ್‌ಗಳು ಫೋಟೋ ತೆಗೆಸ್ಕೋತಾರೆ ಮೇಡಂ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಕೌಂಟರಿನ ಮೇಲೆ ಗೇಣು ಹಾಕುತ್ತ ಈ ತುದಿಯಿಂದ ಆ ತುದಿಗೆ ಅಳೆದಳು. ಎಂಟು ಗೇಣು. ಎರಡು ಇಂಡಕ್ಷನ್ ಒಲೆ ಹಿಡಿಯುತ್ತೆ, ಪಕ್ಕದಲ್ಲಿ ಒಂದು ಚಿಕ್ಕ ಓವನ್, ಮೇಲೆ ಆ ಬಿಸಿ ದೀಪ. ಮೀನು ಕೆಳಗೆ ಮುಕ್ಕಾಲು ಬೇಯಲಿ, ಸಾಸು ಮಾತ್ರ ಇಲ್ಲೇ ಕಲಸಲಿ, ಸೂಫ್ಲೆ ಇಲ್ಲೇ ಉಬ್ಬಲಿ, ಜಾಲರಿಯಿಂದ ಜನ ನೋಡಲಿ, ಬೇಕಾದ್ರೆ ಫೋಟೋನೂ ತೆಗೀಲಿ. ಇಷ್ಟೂ ಒಂದೇ ಉಸಿರಿಗೆ. ಮ್ಯಾನೇಜರ್ ನನ್ನ ಮುಖ ನೋಡಿದರು. ಇಲ್ಲಿ ಗೋಡೆ ಮುಟ್ಟುವ ಹಾಗಿಲ್ಲ, ಕರೆಂಟು ಹೇಗೆ ತರುವುದು?

ಅಲ್ಲಿಯವರೆಗೆ ನಾನೂ ಆ ಜಾಲರಿಯ ಕುಸುರಿ ನೋಡುತ್ತ ನಿಂತಿದ್ದವನು ಬಗ್ಗಿ ಕೌಂಟರಿನ ಕೆಳಗೆ ಟಾರ್ಚ್ ಬಿಟ್ಟೆ. ಲೆಡ್ಜರ್ ಲಿಫ್ಟಿನ ಪೊಳ್ಳು ಕೈಗೆಟುಕುವಷ್ಟು ಹತ್ತಿರ ಇತ್ತು, ನೇರ ನೆಲಮಾಳಿಗೆಗೆ. ಅದರ ಹಿಂಬದಿಯಲ್ಲಿ ಕೇಬಲ್ ಇಳಿಸಿದರೆ ಒಂದು ಮೊಳೆ ಕೂಡ ಹೊಡೆಯಬೇಕಾಗಿಲ್ಲ. ಆದರೆ ರಾಟೆಯ ಹಗ್ಗಕ್ಕೆ ತಾಗುತ್ತೆ ಅಂತ ನಾನು, ತಾಗಿದ್ರೆ ಬ್ರೆಡ್ಡನ್ನ ಕೈಯಲ್ಲೇ ತರಲಿ ಬಿಡೋ ಅಂತ ಅಕ್ಕ, ಬ್ರೆಡ್ಡಿನ ಲಿಫ್ಟು ಬಿಡೋಕೇ ಆಗಲ್ಲ ಮೇಡಂ ಅಂತ ಮ್ಯಾನೇಜರ್. ಹಜಾರದ ದೀಪದ ಕಂಬಗಳು ಒಂದೊಂದಾಗಿ ಆರುತ್ತಿದ್ದವು. ನಾವು ಮೂವರೂ ಆ ಗೂಡಿನೊಳಗೆ ಟಾರ್ಚ್ ಹಿಡಿದು ಇನ್ನೂ ಹಗ್ಗದ ವಿಷಯಕ್ಕೇ ಜಗಳವಾಡುತ್ತಿದ್ದೆವು.